ಪ್ರಶ್ನೋತ್ತರ: ದುಡ್ಡಿಲ್ಲ, ಪಕ್ಷವಿಲ್ಲ, ಚುನಾವಣೆಗೆ ನಿಲ್ಲಬಹುದಾ?

ಪ್ರಶ್ನೆ: ಸರ್, ಮುಂದಿನ ಸ್ಥಳೀಯ ಚುನಾವಣೆಗೆ ಪಕ್ಷೇತರಳಾಗಿ ನಿಲ್ಲಬೇಕು ಅಂತಿದ್ದೇನೆ. ವಾರ್ಡಿನಲ್ಲಿ ಸುಮಾರು 4,000 ಮತದಾರರು. ದುಡ್ಡು ಕಡಿಮೆ, ಜೊತೆಗೆ ಐದು ಜನ ಗೆಳೆಯರಿದ್ದಾರೆ. ಮೊದಲು ಬ್ಯಾನರ್ ಹಾಕಿಸಲಾ, ಫೇಸ್‌ಬುಕ್ ಪೇಜ್ ಮಾಡಲಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ ಮೇಡಂ. ಮತದಾರರ ಪಟ್ಟಿ ತರಿಸಿ, ಲೆಕ್ಕ ಹಾಕಿ. ಶೇ 60ರಷ್ಟು ಜನ ಬಂದರೆ 2,400 ಓಟು. ಮೂವರು ಕಣದಲ್ಲಿದ್ದರೆ, ಸಾವಿರ ದಾಟಿದವರಿಗೆ ಗೆಲ್ಲುವ ಆಸೆ ಇಟ್ಟುಕೊಳ್ಳಬಹುದು. ವಾರ್ಡನ್ನೆಲ್ಲ ಒಲಿಸಬೇಕಿಲ್ಲ. ಆ ಸಾವಿರ ಜನ ಯಾರು ಅಂತ ಹೆಸರು ಹಿಡಿದು ಹೇಳುವಂತಿರಬೇಕು.

ಅದು ಗೊತ್ತಾಗೋದು ಮನೆ ಮನೆಗೆ ಹೋದಾಗಲೇ. 1998ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಯೇಲ್ ವಿಶ್ವವಿದ್ಯಾಲಯದ ಅಲನ್ ಗರ್ಬರ್, ಡೊನಾಲ್ಡ್ ಗ್ರೀನ್ ಮನೆಗೆ ಹೋಗಿ ಮಾತಾಡಿಸಿದರೆ ಓಟು ಹಾಕೋಕೆ ಬರುವವರು ಹೆಚ್ಚಾಗ್ತಾರಾ ಅಂತಲೂ ಪರೀಕ್ಷಿಸಿ ನೋಡಿದರು. ಮನೆಗೇ ಹೋಗಿ ಮಾತಾಡಿಸಿದವರಲ್ಲಿ ಮತದಾನ ಚೆನ್ನಾಗಿ ಏರಿತು. ಫೋನ್ ಕರೆಯಿಂದ ಏರಿದ್ದು ಕಾಣಲಿಲ್ಲ. (ಯಾರಿಗೆ ಹಾಕಿದರು ಅನ್ನೋದು ಬೇರೆ ಮಾತು!)

ಬಾಗಿಲು ತೆರೆದ ಕೂಡಲೇ ಕರಪತ್ರ ಚಾಚಬೇಡಿ. 'ಇಲ್ಲಿ ನಿಮಗೆ ತುಂಬಾ ಕಿರಿಕಿರಿ ಆಗ್ತಿರೋದು ಏನು?' ಅಂತ ಕೇಳಿ ಸುಮ್ಮನಾಗಿ. ಇದು ಅಭ್ಯರ್ಥಿಗಳಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಹೊರಗೆ ಬಂದು ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಗುರುತು ಹಾಕಿ: ನಮ್ಮವರಿಗೆ 1, ತೂಗಾಡುವವರಿಗೆ 2, ಆಗದವರಿಗೆ 3. ಎರಡನೇ ಸುತ್ತು 2ರವರಿಗೆ ಮಾತ್ರ. 3ರವರ ಹತ್ತಿರ ವಾದಕ್ಕೆ ನಿಂತರೆ ಸಂಜೆ ಮುಗಿದೇ ಹೋಗುತ್ತದೆ.

ಇನ್ನೊಂದು. ನಾಮಪತ್ರದ ನಿಯಮ, ಖರ್ಚಿನ ಮಿತಿ ಒಂದೊಂದು ಕಡೆ ಒಂದೊಂದು ಥರ. ಚುನಾವಣಾಧಿಕಾರಿ ಕಚೇರಿಯಲ್ಲೇ ಕೇಳಿ ತಿಳಿದುಕೊಳ್ಳಿ. ಖರ್ಚಿನ ಪುಸ್ತಕ ಮೊದಲ ದಿನದಿಂದಲೇ ಬರೆಯಿರಿ.

ಪ್ರಶ್ನೆ: ಎಲ್ಲರೂ 'ನಿಮಗೇ ಹಾಕ್ತೀವಿ' ಅಂದುಬಿಟ್ಟರೆ ಸರ್?

ಉತ್ತರ: ಅಂತಾರೆ. ಬಂದವರಿಗೆಲ್ಲ ಹಾಗೇ ಅಂತಾರೆ, ಅಲ್ವಾ? ಅದಕ್ಕೇ ಒಂದು ಸಣ್ಣ ಕೆಲಸ ಕೇಳಿ ನೋಡಿ. 'ಪಕ್ಕದ ಎರಡು ಮನೆಗೆ ನನ್ನ ಜೊತೆ ಬರ್ತೀರಾ?' ಚಪ್ಪಲಿ ಮೆಟ್ಟಿಕೊಂಡು ಹೊರಟವರಿಗೆ 1 ಹಾಕಿ. ನಕ್ಕು ಬಾಗಿಲು ಹಾಕಿಕೊಂಡವರಿಗೆ 2.

ಮತದಾನದ ದಿನ ಆ 1ರ ಪಟ್ಟಿಯೇ ನಿಮ್ಮ ಕೈಯಲ್ಲಿರಬೇಕು. ಮಧ್ಯಾಹ್ನದವರೆಗೂ ಬೂತಿಗೆ ಬಾರದವರ ಮನೆಗೆ ಗೆಳೆಯರನ್ನು ಕಳಿಸಿ. ಬ್ಯಾನರ್ ಬಗ್ಗೆ ಕೇಳಿದಿರಲ್ಲ, ದುಡ್ಡು ಉಳಿದರೆ ಒಂದು ಹಾಕಿಸಿ.