ಅಪ್‌ಡೇಟ್: ಬಿದ್ರಿ ಅಂಗಡಿಯ ಜಾಲತಾಣ ಗೂಗಲ್‌ನಲ್ಲಿ ಕಾಣಿಸತೊಡಗಿದೆ

ಬೀದರ್‌ನಲ್ಲಿರುವ ನಮ್ಮ ಸೋದರಮಾವನವರ ಬಿದ್ರಿ ಕರಕುಶಲ ವಸ್ತುಗಳ ಅಂಗಡಿಯ ಜಾಲತಾಣವು ಗೂಗಲ್ ಹುಡುಕಾಟದಲ್ಲಿ ಐದನೆಯ ಪುಟದಲ್ಲಿಯೂ ಏಕೆ ಸಿಗುತ್ತಿಲ್ಲವೆಂದು ಹಿಂದೆ ಕೇಳಿದ್ದೆ, ಉತ್ತರಿಸಿದವರಿಗೆಲ್ಲ ಧನ್ಯವಾದಗಳು.

ತಾಣ ಮಾಡಿಕೊಟ್ಟವರು ಕೀವರ್ಡ್ ಮೆಟಾ ಟ್ಯಾಗ್‌ನಲ್ಲಿ (ಪುಟದ ವಿಷಯ ಸೂಚಿಸುವ ಪದಗಳನ್ನು ಬರೆಯುವ, ಓದುಗರ ಕಣ್ಣಿಗೆ ಬೀಳದ ಕೋಡ್‌ನ ಭಾಗ) ‘ಬಿದ್ರಿ’ ಎಂಬ ಪದವನ್ನು ನಲವತ್ತು ಸಲ ತುರುಕಿದ್ದರು. ಆ ಟ್ಯಾಗನ್ನು ರ‍್ಯಾಂಕಿಂಗ್‌ಗೆ (ಫಲಿತಾಂಶಗಳಲ್ಲಿ ತಾಣದ ಸ್ಥಾನ ನಿರ್ಧರಿಸಲು) ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಹೇಳಿರುವುದರಿಂದ ಅದು ವ್ಯರ್ಥ ಶ್ರಮ. ನಿಜವಾದ ತೊಡಕು ಬೇರೆಯೇ ಇತ್ತು: ಹೂಜಿ, ಹೂದಾನಿಗಳ ವಿವರವೆಲ್ಲ ಗೂಗಲ್ ಸುಲಭವಾಗಿ ಓದಲಾರದ, ಚಿತ್ರದೊಳಗಿನ ಅಕ್ಷರಗಳಾಗಿದ್ದು, ಒಂದೊಂದು ಚಿತ್ರವೂ ಎಂಟು ಎಂಬಿ ತೂಗುತ್ತಿದ್ದುದರಿಂದ, ಮೊಬೈಲ್‌ನಲ್ಲಿ ಪುಟ ತೆರೆಯುವಷ್ಟರಲ್ಲಿ ಕೈಯಲ್ಲಿದ್ದ ಚಹಾ ಆರಿಹೋಗುತ್ತಿತ್ತು. ಗೂಗಲ್ ಈಗ ತಾಣದ ಮೊಬೈಲ್ ರೂಪವನ್ನೇ ಆಧಾರವಾಗಿಟ್ಟುಕೊಂಡು ಇಂಡೆಕ್ಸ್ ಮಾಡುತ್ತದೆ, ಅಂದರೆ ತನ್ನ ಹುಡುಕಾಟದ ಪಟ್ಟಿಗೆ ಸೇರಿಸಿಕೊಳ್ಳುತ್ತದೆ.

ಚಿತ್ರಗಳನ್ನು ಕುಗ್ಗಿಸಿ, ಸತು ಮತ್ತು ತಾಮ್ರದ ಎರಕ ಹೊಯ್ಯುವುದರಿಂದ ಹಿಡಿದು ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವವರೆಗಿನ ಕೆಲಸವನ್ನು ಮಾವನವರು ಹೇಳಿದಂತೆಯೇ ಪಠ್ಯವಾಗಿ ಬರೆದು ಹಾಕಿದೆ. ಹಣ ಕೊಟ್ಟು ಬೇರೆ ತಾಣಗಳಿಂದ ನಮ್ಮ ತಾಣಕ್ಕೆ ಲಿಂಕ್ ಕೊಳ್ಳುವ ಸಲಹೆಯನ್ನು ಮಾತ್ರ ಪಾಲಿಸಲಿಲ್ಲ; ರ‍್ಯಾಂಕಿಂಗ್‌ಗಾಗಿ ಹಾಗೆ ಮಾಡುವುದು ಗೂಗಲ್‌ನ ಸ್ಪ್ಯಾಮ್ ನಿಯಮಗಳಿಗೆ ವಿರುದ್ಧವಾದುದು.

‘ಬೀದರ್ ಬಿದ್ರಿ ಹೂಜಿ’ ಎಂದು ಹುಡುಕಿದರೆ ಈಗ ಎರಡನೆಯ ಪುಟದಲ್ಲಿದ್ದೇವೆ. ಬರೀ ‘ಬಿದ್ರಿ’ ಎಂದರೆ ಇನ್ನೂ ಪತ್ತೆಯಿಲ್ಲ.