‘ಧಾರ್ಮಿಕ ಸಂಸ್ಥೆ’ಗೆ ಬದಲಾಗಿ ಬೇರೆ ಪದ ಇದೆಯಾ?

ಗೆಳೆಯರೇ,

ದಕ್ಷಿಣ ಕನ್ನಡದ ಹಳ್ಳಿಗಳಿಗೆ ನೆರೆ, ಗುಡ್ಡಕುಸಿತದ ತಯಾರಿಯ ಕೈಪಿಡಿ ಬರೆಯುತ್ತಿದ್ದೇವೆ. ಚರ್ಚ್, ಮಸೀದಿ, ದೇವಸ್ಥಾನಗಳ ಜನರನ್ನು ಮಳೆಗಾಲಕ್ಕೆ ಮೊದಲೇ ಜೊತೆಗೆ ಕೂರಿಸಿಕೊಳ್ಳಬೇಕು ಅನ್ನುವ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದೇನೆ.

ಸರ್ಕಾರಿ ಕನ್ನಡದ ಪದ ‘ಧಾರ್ಮಿಕ ಸಂಸ್ಥೆ’. ಓದಿದ ಕೂಡಲೇ ಮುಜರಾಯಿ, ಆಡಳಿತ ಮಂಡಳಿ ನೆನಪಾಗುತ್ತವೆ. ಇಲ್ಲವೇ ಒಂದು ದೊಡ್ಡ ಹಾಲ್. ಹಾಲ್ ಬೇಕು, ನಿಜ. 2018ರ ಆಗಸ್ಟ್‌ನಲ್ಲಿ ಕೊಡಗು, ಕೇರಳಗಳಲ್ಲಿ ಎಷ್ಟೋ ಜನ ಇಂಥ ಸೂರಿನಡಿಯಲ್ಲೇ ಉಳಿದರು. ಆದರೆ ನನಗೆ ಅದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಆ ಜನರಿಗೆ ಗೊತ್ತಿರುವ ಸಂಗತಿ. ಮಂಗಳೂರು ಕಡೆಯ ಕ್ಯಾಥೋಲಿಕ್ ಚರ್ಚ್‌ಗಳಲ್ಲಿ ಊರನ್ನು ವಾಡೊಗಳಾಗಿ, ಅಂದರೆ ವಾರ್ಡುಗಳಾಗಿ ಹಂಚಿ, ಒಂದೊಂದಕ್ಕೂ ಗುರ್ಕಾರ್ ಅನ್ನುವ ಮುಖಂಡರು ಇರುತ್ತಾರೆ. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರು ಒಂಟಿ, ಯಾರಿಗೆ ಕಿವಿ ಕೇಳಿಸದು, ಅವರಿಗೆ ಗೊತ್ತು. ಮಸೀದಿಯ ಜಮಾತಿನವರಿಗೂ ತಮ್ಮ ಮನೆಗಳ ಗುರುತು ಹಾಗೇ ಇರುತ್ತದೆ. ರಾತ್ರಿ ನೀರು ಏರಿದಾಗ ಜೀವ ಉಳಿಸುವುದು ಈ ತಿಳಿವಳಿಕೆ. ‘ಸಂಸ್ಥೆ’ಯಲ್ಲಿ ಅದು ಕಾಣುವುದೇ ಇಲ್ಲ.

ಚರ್ಚ್ ಒಂದಕ್ಕೇ ನೋಡಿ. ಕೊಂಕಣಿಯವರಿಗೆ ಇಗರ್ಜಿ. ಕನ್ನಡ ಕ್ಯಾಥೋಲಿಕರು ಕಟ್ಟಡಕ್ಕೆ ದೇವಾಲಯ ಎಂದೂ ಸಮುದಾಯಕ್ಕೆ ಧರ್ಮಸಭೆ ಎಂದೂ ಹೇಳುತ್ತಾರೆ. ಪ್ರೊಟೆಸ್ಟಂಟರಲ್ಲಿ ‘ಸಭೆ’, ಅದರ ಗುರು ಸಭಾಪಾಲಕರು. ಸಭೆ ಅಂದರೆ ಜನ, ಕಟ್ಟಡವಲ್ಲ. ನನಗೆ ಬೇಕಾದ ಅರ್ಥ ಅದೇ. ಆದರೆ ಕೈಪಿಡಿಯಲ್ಲಿ ‘ಸಭೆಗೆ ಮೊದಲು ತಿಳಿಸಿ’ ಎಂದು ಬರೆದರೆ ಪಂಚಾಯ್ತಿಯವರು ಮೀಟಿಂಗ್ ಅಂದುಕೊಳ್ಳುತ್ತಾರೆ, ಅಲ್ವಾ?

‘ಭಕ್ತವೃಂದ’ ಆಮಂತ್ರಣ ಪತ್ರಿಕೆಯ ಮಾತು. ‘ಧಾರ್ಮಿಕ ಸಮುದಾಯ’ ಬರೆದರೆ ಜಾತಿ-ಧರ್ಮದ ಲೆಕ್ಕ ಕೇಳಿದಂತಾಗುತ್ತದೆ. ‘ಒಕ್ಕಲು’ ನನಗೆ ಇಷ್ಟ. ದೇವರ ಒಕ್ಕಲು ಅನ್ನುವಾಗ ಮನೆಗಳೂ ಬಂದವು, ನಂಟೂ ಬಂತು. ಆದರೆ ಗೇಣಿ ಒಕ್ಕಲಿನ ನೆನಪೂ ಅದಕ್ಕೆ ಅಂಟಿಕೊಂಡಿದೆ. ಮಸೀದಿಗೆ, ಚರ್ಚಿಗೆ ಹೊಂದುತ್ತದೆಯೇ?

ಇನ್ನೊಂದು. ಕರಡಿನಲ್ಲಿ ಎಲ್ಲ ಕಡೆ ‘ಸಹಕಾರ ಪಡೆಯುವುದು’ ಎಂದಿದೆ. ಅದು ನೆರೆ ಬಂದ ಮೇಲೆ ಅನ್ನ ಕೇಳುವ ಮಾತು. ಮೊದಲೇ ಕೂತು ಒಟ್ಟಿಗೆ ತೀರ್ಮಾನ ಮಾಡುವುದಕ್ಕೆ ‘ಒಡಗೂಡಿಸಿಕೊಳ್ಳುವುದು’ ಬಳಸಬಹುದೇ? ಕರಾವಳಿಯವರು, ಕೊಡಗಿನವರು ನಿಮ್ಮೂರಲ್ಲಿ ಏನು ಹೇಳುತ್ತೀರಿ, ತಿಳಿಸಿ.