ಗುಜರಿಯಲ್ಲಿ ಸಿಕ್ಕ ಆರ್‌ಕೆ05 ಡ್ರೈವ್: ವಿದ್ಯುತ್ ಕೊಡುವ ಮೊದಲು ಏನು ಮಾಡಬೇಕು?

ಪ್ರಶ್ನೆ:
ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ತನ್ನ ಪಿಡಿಪಿ-8 ಮತ್ತು ಪಿಡಿಪಿ-11 ಗಣಕಗಳಿಗಾಗಿ ತಯಾರಿಸುತ್ತಿದ್ದ ಆರ್‌ಕೆ05 ಡಿಸ್ಕ್ ಡ್ರೈವ್ ಒಂದು ಗುಜರಿ ಅಂಗಡಿಯಲ್ಲಿ ಕಾರ್ಟ್ರಿಜ್ (ಮಾಹಿತಿ ಇರುವ ತಟ್ಟೆಯನ್ನು ಹೊತ್ತ, ಹೊರತೆಗೆಯಬಹುದಾದ ಪೆಟ್ಟಿಗೆ) ಸಮೇತ ಸಿಕ್ಕಿದೆ. ಅದು ಹಿಡಿಯುವುದು ಸುಮಾರು 2.5 ಮೆಗಾಬೈಟ್ ಮಾತ್ರವಾದರೂ, ಅದರಲ್ಲಿ ಏನಿದೆಯೋ ಅದು ಉಳಿಯಬೇಕೆಂಬುದು ನನ್ನ ಆಸೆ. ಎಲ್ಲಿಂದ ಆರಂಭಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸುವಿರಾ?

ಉತ್ತರ 1:
ಸದ್ಯಕ್ಕೆ ಕಾರ್ಟ್ರಿಜ್ ಅನ್ನು ಒಳಗೆ ಹಾಕಲೇಬೇಡಿ. 14 ಅಂಗುಲದ ತಟ್ಟೆ ನಿಮಿಷಕ್ಕೆ 1500 ಸುತ್ತು ತಿರುಗುವಾಗ, ಮಾಹಿತಿಯನ್ನು ಓದಿ ಬರೆಯುವ ಹೆಡ್‌ಗಳು ಅದನ್ನು ಮುಟ್ಟದೆ ಬಹಳ ತೆಳುವಾದ ಗಾಳಿಯ ಪದರದ ಮೇಲೆ ತೇಲುವುದರಿಂದ, ನಡುವೆ ಸಿಕ್ಕಿದ ಧೂಳಿನ ಕಣವೊಂದು ಕಾಂತೀಯ ಲೇಪನವನ್ನೇ ಕೆರೆದುಹಾಕಬಲ್ಲದು. ಗಾಳಿ ಸಾಗುವ ದಾರಿಯಲ್ಲಿರುವ ಹಳೆಯ ಸ್ಪಂಜು ಪುಡಿಯಾಗಿದ್ದರೆ ಪೂರ್ತಿ ತೆಗೆದು ಹೊಸದನ್ನು ಅಂಟಿಸಿ, ಫಿಲ್ಟರ್ ಬದಲಿಸಿ, ಹೆಡ್‌ಗಳನ್ನು ಎಳೆ ಬಿಡದ ಬಟ್ಟೆ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಮೃದುವಾಗಿ ಒರೆಸಿ.

ಉತ್ತರ 2:
ಮೇಲಿನ ಸಲಹೆಗೆ ನನ್ನ ಪೂರ್ಣ ಸಹಮತವಿದೆ. ಆದರೆ ಬ್ಯಾಟರಿ ಅಷ್ಟೇ ಮುಖ್ಯ. ವಿದ್ಯುತ್ ಹಠಾತ್ತನೆ ಹೋದಾಗ ಹೆಡ್‌ಗಳನ್ನು ಹಿಂದಕ್ಕೆ ಎಳೆಯುವ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸತ್ತಿದ್ದರೆ, ತಟ್ಟೆಯ ವೇಗ ಇಳಿಯುತ್ತಿದ್ದಂತೆ ಹೆಡ್‌ಗಳು ಅದರ ಮೇಲೆಯೇ ಕುಸಿಯುತ್ತವೆ. ಅದನ್ನು ಬದಲಿಸಿ, ಪವರ್ ಸಪ್ಲೈಯ ವೋಲ್ಟೇಜ್‌ಗಳನ್ನು ಅಳೆದು, ಮೊದಲು ಬೇಡವಾದ ಕಾರ್ಟ್ರಿಜ್ ಒಂದರಿಂದ ಪರೀಕ್ಷಿಸಿ.